ಒಂದೇ ಸಲ ಕೇಳಿದರು

ಅಕ್ಟೋಬರ್ 5, 2025, ಭಾನುವಾರ

ನನ್ನ ರಕ್ತ ನಾನೇ ತೆಗೆದು, ನಾನೇ ಮಷೀನಿಗೆ ಹಾಕಿ, ನಾನೇ ರಿಪೋರ್ಟ್ ಬರೆದರೂ ಸಕ್ಕರೆಯೇನು ಕಡಿಮೆ ಬರಲಿಲ್ಲ. ಗೋಕಾಕದ ಅರ್ಧ ಊರಿನ ತೋಳಿಗೆ ಸೂಜಿ ಚುಚ್ಚಿದವಳು ನಾನು. ಲ್ಯಾಬಿಗೆ ಬಂದವರಿಗೆಲ್ಲ ಅಡ್ಡಾಡ್ರಿ, ಮೈ ಬಗ್ಗಸ್ರಿ ಎಂದು ಬುದ್ಧಿ ಹೇಳುತ್ತ ಹೇಳುತ್ತ ಸ್ವಂತದ್ದು ಗಡಿ ದಾಟಿ ಹೋಗಿದೆ. ಡಾಕ್ಟರು ಗುಳಿಗೆ ಬರೆದುಕೊಟ್ಟು, ದಿನಾ ನಡೆಯಿರಿ, ಇಲ್ಲವೇ ಸೈಕಲ್ ಹೊಡೆಯಿರಿ ಎಂದರು. ನಡೆಯಲು ಹೊರಟರೆ ಸುಮನ್ ನೆನಪಾಗುತ್ತಾಳೆ. ಎಂಟು ವರ್ಷ ಈ ಮಾಳಿಗೆಯ ಎರಡು ಖೋಲಿಯಲ್ಲಿ ಒಟ್ಟಿಗೆ ಬಾಡಿಗೆಗಿದ್ದೆವು. ಅವಳು ಆಸ್ಪತ್ರೆಯ ನರ್ಸ್, ನಾನು ಲ್ಯಾಬಿನವಳು. ಊಟವಾದ ಮೇಲೆ ಓಣಿಯ ತುದಿಯವರೆಗೆ ಜಗಳಾಡುತ್ತ ಹೋಗಿ ಜಗಳಾಡುತ್ತ ಬರುವುದು ನಮ್ಮ ವಾಡಿಕೆ. ಮೇ ತಿಂಗಳಲ್ಲಿ ಅವಳು ಮದುವೆಯಾಗಿ ಮೂಡಲಗಿಗೆ ಹೋದಳು. ಹಾಗಾಗಿ ಸೈಕಲ್ ಕೊಂಡೆ.

ಇವತ್ತು ಮೊದಲ ಸಲ ಗುಂಪಿನ ಜೊತೆ ಹೋದೆ. ಸೈಕಲ್ ಬಳಗ ಅಂತ ಹೆಸರು, ಭಾನುವಾರ ಭಾನುವಾರ ಹೊರಡುತ್ತಾರೆ. ಮುಂದಾಳು ರಾವಸಾಹೇಬರು, ಟೈಲ್ಸ್ ಅಂಗಡಿಯವರು. ಐವತ್ತು ದಾಟಿದೆ, ಕಾಲು ಮಾತ್ರ ಇಪ್ಪತ್ತರದ್ದು. ಕಾಜಲ್ ಅಂತ ಬಿ.ಎಡ್. ಓದುವ ಹುಡುಗಿ, ನನ್ನ ಬಿಟ್ಟರೆ ಗುಂಪಿನಲ್ಲಿ ಅವಳೊಬ್ಬಳೇ ಹೆಣ್ಣು. ಗುರುಪಾದ ಅಂತ ಕಾಲೇಜು ಲೆಕ್ಚರರ್, ಮಾತು ಕಡಿಮೆ. ಉಳಿದವರ ಬೆನ್ನು ಮಾತ್ರ ನೋಡಿದ್ದೇನೆ, ಅದೂ ದೂರದಿಂದ.

ಫಾಲ್ಸ್ ಕಡೆಯ ಏರು ಶುರುವಾದದ್ದೇ ತಡ, ಅವರು ಮೇಲೆ, ನಾನು ಕೆಳಗೆ. ಮುಂದಿನವರ ಹಿಂದಿನ ಗಾಲಿಗೆ ಹತ್ತಿಕೊಂಡೇ ಇರಿ, ಗಾಳಿ ತಾಗುವುದಿಲ್ಲ, ಬಿಟ್ಟರೆ ಕೆಟ್ಟಿರಿ ಎಂದು ಗುರುಪಾದ ಹೊರಡುವಾಗಲೇ ಹೇಳಿದ್ದರು. ಬಿಟ್ಟೆ, ಕೆಟ್ಟೆ. ಕೊಣ್ಣೂರಿನ ಹೋಟೆಲಿಗೆ ನಾನು ಮುಟ್ಟುವಷ್ಟರಲ್ಲಿ ಎಲ್ಲರ ಲೋಟ ಖಾಲಿ. ರಾವಸಾಹೇಬರು ನನ್ನ ಕಂಡು, "ಮೇಡಂ ಅವ್ರ, ಚಹಾ ಆತೇನ್ರಿ?" ಎಂದರು.

"ಆತ್ರಿ. ನಿಮ್ದು?"

ನಮ್ಮದೂ ಆಯಿತು ಎಂದರು, ಸೈಕಲ್ ಹತ್ತಿದರು, ಹೋದರು. ನನ್ನ ಗಂಟಲು ಒಣಗಿ ಕಟ್ಟಿಗೆಯಾಗಿತ್ತು. ಆತು ಅನ್ನದೆ ಇನ್ನೇನು ಅನ್ನಲಿ? ಬಂದು ನಿಂತ ಕೂಡಲೇ ಇಲ್ಲ, ಕೊಡ್ರಿ ಅಂದರೆ ಕಂಡವರ ಚಹಾಕ್ಕೇ ಬಂದವಳ ಹಾಗೆ ಆಗುವುದಿಲ್ಲವೇ? ಇನ್ನೊಂದು ಸಲ ಕೇಳಿದ್ದರೆ ಕುಡಿಯುತ್ತಿದ್ದೆ. ಕೇಳಲಿಲ್ಲ. ದೊಡ್ಡ ಮನುಷ್ಯರು.

ಅಕ್ಟೋಬರ್ 9

ಸುಮನ್ ಫೋನ್ ಮಾಡಿದ್ದಳು. ಆರಾಮೇನ ಅಂದಳು, ಆರಾಮ ಅಂದೆ. ನೀ ಆರಾಮೇನ ಅಂದೆ, ಆರಾಮ ಅಂದಳು. ಅವಳ ಅತ್ತೆ ಲಕ್ಕವ್ವನವರು ಹೋದ ವರ್ಷ ಟೊಂಕದ ಎಲುಬು ಮುರಿದುಕೊಂಡು ಇವಳ ವಾರ್ಡಿನಲ್ಲೇ ಮಲಗಿದ್ದವರು. ಇವಳು ಮಾಡಿದ ಸೇವೆ ನೋಡಿ, ಹೆಂಡತಿ ಸತ್ತ ಮಗ ಮಾಯಪ್ಪನಿಗೆ ತಾವೇ ಕೇಳಿದರು. ಈಗಲೂ ಸೊಸೆಯನ್ನು ಸಿಸ್ಟರ ಎಂದೇ ಕರೆಯುತ್ತಾರಂತೆ. ಎಲ್ಲಾರೂ ಭಾಳ ಮರ್ಯಾದಿ ಕೊಡ್ತಾರ ಅಂದಳು. ಕೊಡಲಿ. ನನಗಿಲ್ಲಿ ಕೊಡುವವರೂ ಇಲ್ಲ, ಕಳೆಯುವವರೂ ಇಲ್ಲ.

ಅಕ್ಟೋಬರ್ 12, ಭಾನುವಾರ

ಮತ್ತೆ ಹಾಗೆಯೇ. ಏರು, ಬೆನ್ನುಗಳು, ಖಾಲಿ ಲೋಟ, ಚಹಾ ಆತೇನ್ರಿ, ಆತ್ರಿ.

ಸೈಕಲ್ಲಿನ ಗೇರು ಸರಿ ಇಲ್ಲ ಅನಿಸುತ್ತದೆ. ಕುಣಿಯಲಾರದವಳಿಗೆ ಅಂಗಳ ಡೊಂಕು ಅಂತ ಸುಮನ್ ಇದ್ದಿದ್ದರೆ ಅನ್ನುತ್ತಿದ್ದಳು. ಇಲ್ಲ, ಖರೇನೇ ಗೇರು ಸರಿ ಇಲ್ಲ.

ಅಕ್ಟೋಬರ್ 17

ಲ್ಯಾಬಿನಿಂದ ಬರುವಾಗ ಕೆಳಗಿನ ಮನೆಯ ಕಾಶೆವ್ವ, ಮನೆಯ ಮಾಲಕಿ, ಕಟ್ಟೆಯ ಮೇಲೆ ಕೂತಿದ್ದರು. ಅಡಗಿ ಆತೇನವಾ ಅಂದರು. ಬಾಗಿಲ ಬೀಗವನ್ನೇ ಇನ್ನೂ ತೆಗೆದಿರಲಿಲ್ಲ, ಆತ್ರಿ ಅಂದು ಮೆಟ್ಟಿಲು ಹತ್ತಿದೆ. ಮೇಲೆ ಬಂದು ಚುರುಮುರಿ ತಿಂದೆ.

ಒಬ್ಬಳಿಗೆ ರೊಟ್ಟಿ ಮಾಡುವುದು ಮಹಾ ಬೇಸರದ ಕೆಲಸ. ಹಿಟ್ಟು ನಾದುವ ಕೈಗೆ ಇನ್ನೂ ಇಬ್ಬರ ಲೆಕ್ಕವೇ ಗೊತ್ತು. ಉಳಿದ ರೊಟ್ಟಿ ಮರುದಿನ ಒಣಗಿ ಕಟಕಾಗುತ್ತದೆ, ಅದನ್ನೂ ನಾನೇ ತಿನ್ನಬೇಕು. ಸುಮನ್ ನಾನು ಬಡಿದ ರೊಟ್ಟಿಗೆ ಹೆಸರಿಡದ ದಿನವಿಲ್ಲ. ಒಂದು ದಿನ ದಪ್ಪ, ಒಂದು ದಿನ ಹಸಿ, ಒಂದು ದಿನ ಭೂಪಟ. ಆಗ ಸಿಟ್ಟು ಬರುತ್ತಿತ್ತು. ಈಗ ಭೂಪಟದಂಥ ರೊಟ್ಟಿಯನ್ನು ನಾನೇ ನೋಡಿ ನಾನೇ ತಿನ್ನುತ್ತೇನೆ, ಯಾರೂ ಏನೂ ಅನ್ನುವುದಿಲ್ಲ.

ಅಕ್ಟೋಬರ್ 26, ಭಾನುವಾರ

ದೀಪಾವಳಿ ಮುಗಿಯಿತು. ಅಣ್ಣನ ಮನೆಗೆ ಹೋಗಿ ಬಂದೆ. ಎಲ್ಲರೂ ಸಕ್ಕರೆಯ ಬಗ್ಗೆ ಕೇಳಿದರು, ಕೇಳುತ್ತಲೇ ಕರಜಿಕಾಯಿ ಕೊಟ್ಟರು.

ಇವತ್ತಿನ ಸವಾರಿಯ ಫೋಟೋ ಗುಂಪಿನ ವಾಟ್ಸಾಪಿಗೆ ಬಂದಿದೆ. ಕೊಣ್ಣೂರಿನ ಹೋಟೆಲಿನ ಬೆಂಚು, ಸಾಲಾಗಿ ಕೂತವರು, ಕೈಯಲ್ಲಿ ಲೋಟ, ಎಲ್ಲರೂ ಯಾವುದೋ ಮಾತಿಗೆ ನಕ್ಕಿದ್ದಾರೆ. ಪ್ರತಿ ವಾರ ಈ ಫೋಟೋ ಬರುತ್ತದೆ, ಪ್ರತಿ ವಾರ ಅದು ತೆಗೆಯುವ ಹೊತ್ತಿಗೆ ನಾನು ಏರಿನಲ್ಲಿ ಎಲ್ಲೋ ಏದುಸಿರು ಬಿಡುತ್ತಿರುತ್ತೇನೆ. ಒಬ್ಬರಾದರೂ ನಿಲ್ಲಬಾರದೇ? ಒಂದು ನಿಮಿಷ ತಿರುಗಿ ನೋಡಬಾರದೇ? ಕಾಜಲ್ ಒಮ್ಮೆ ತಿರುಗಿ ನೋಡಿದ್ದಳು, ರಾವಸಾಹೇಬರು ಅವಳಿಗೆ ಏನೋ ಹೇಳಿದರು, ಅವಳೂ ಹೋದಳು.

ಡಿಸೆಂಬರಿನಲ್ಲಿ ಹುಕ್ಕೇರಿಗೆ ಹೋಗಿ ಬರುವ ದೊಡ್ಡ ಸವಾರಿ ಇದೆಯಂತೆ. ವೇಗ ಕಾಯ್ದುಕೊಳ್ಳುವವರು ಮಾತ್ರ ಬರಬೇಕು ಎಂದು ಹಾಕಿದ್ದಾರೆ. ಅದು ನನಗೇ ಹಾಕಿದ್ದು, ಗೊತ್ತಾಗದಷ್ಟು ದಡ್ಡಿಯಲ್ಲ. ಬರುತ್ತೇನೆ ಎಂದು ಹೆಸರು ಹಚ್ಚಿದೆ. ಸಕ್ಕರೆ ಮನೆ ಹಾಳಾಗಲಿ. ಒಂದು ಸಲ, ಒಂದೇ ಒಂದು ಸಲ, ಅವರು ಕೂತಾಗ ನಾನೂ ಆ ಬೆಂಚಿನ ಮೇಲೆ ಕೂತಿರಬೇಕು. ನನಗೆ ಬೇಕಾದ್ದು ಅಷ್ಟು.

ನವೆಂಬರ್ 9, ಭಾನುವಾರ

ಕಬ್ಬಿನ ಸೀಜನ್ ಶುರುವಾಗಿದೆ. ರಸ್ತೆ ತುಂಬ ಟ್ರ್ಯಾಕ್ಟರು. ಒಂದೊಂದರ ಹಿಂದೆ ಎರಡೆರಡು ಟ್ರೇಲರು, ಎರಡೂ ಕಡೆ ಕಬ್ಬು ಚಾಚಿಕೊಂಡು, ಟೇಪ್ ರೆಕಾರ್ಡರಿನ ಹಾಡಿನಲ್ಲಿ ಹಿಂದಿನವರ ಗಂಟೆಯೂ ಕೇಳಿಸುವುದಿಲ್ಲ.

ವಾರವಿಡೀ ಸಂಜೆ ಒಬ್ಬಳೇ ಫಾಲ್ಸಿನ ಏರು ಹತ್ತಿ ಅಭ್ಯಾಸ ಮಾಡಿದ್ದೆ. ಅದರ ಫಲ ಇವತ್ತು ಕಂಡಿತು. ಕಾಜಲ್‌ಳ ಹಿಂದಿನ ಗಾಲಿಗೆ ಅಂಟಿಕೊಂಡವಳು ಏರು ಮುಗಿಯುವವರೆಗೆ ಬಿಡಲಿಲ್ಲ. ಎದೆ ಒಡೆಯುತ್ತದೆ ಅನಿಸಿತು, ಆದರೂ ಎಂಥ ಖುಷಿ. ಗುರುಪಾದ ಪಕ್ಕಕ್ಕೆ ಬಂದು "ಭಾಳ ಚಲೋ ನಡದೈತ್ರಿ" ಎಂದರು. ಇದೇ ಮೊದಲ ಸಲ ಗುಂಪಿನ ಮಧ್ಯೆ ಇದ್ದೆ. ಎಲ್ಲರ ಗಾಲಿ ಒಂದೇ ಸದ್ದು ಮಾಡುತ್ತದೆ ಅಲ್ಲಿ. ಗಾಳಿ ಇಲ್ಲವೇ ಇಲ್ಲ.

ಕೊಣ್ಣೂರು ಇನ್ನೇನು ಬಂತು ಅನ್ನುವಾಗ ಅಡ್ಡ ರಸ್ತೆಯಿಂದ ಒಂದು ಟ್ರ್ಯಾಕ್ಟರು ನಮ್ಮ ನಡುವೆ ನುಗ್ಗಿತು. ಅವರೆಲ್ಲ ಆಚೆ, ನಾನೊಬ್ಬಳು ಈಚೆ. ಅದರ ಹಿಂದೆ ಹೊಗೆ ಕುಡಿಯುತ್ತ ಹೋಟೆಲ್ ಮುಟ್ಟಿದಾಗ ಕಾಜಲ್ ಲೋಟ ಇಡುತ್ತ, ಅಕ್ಕಾರ ಚಹಾ ಆತೇನ್ರಿ ಅಂದಳು. ನನ್ನ ಸಿಟ್ಟೆಲ್ಲ ನಾಲಗೆಗೆ ಬಂದಿತ್ತು. ಆತ್ರಿ ಅಂದೆ.

ನವೆಂಬರ್ 13

ಸುಮನ್ ಫೋನು. ಒಬ್ಬಾಕಿಗೇ ಬ್ಯಾಸರ ಆಗೂದಿಲ್ಲಾ ಎಂದು ಕೇಳಿದಳು. ಎಲ್ಲಿಯ ಬೇಸರ, ಹೊತ್ತೇ ಸಾಲುವುದಿಲ್ಲ, ಸೈಕಲ್ಲು, ಗುಂಪು, ಭಾನುವಾರ ಬಂತೆಂದರೆ ನಗೆಯೇ ನಗೆ ಎಂದು ಉದ್ದಕ್ಕೆ ಹೇಳಿದೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಅವಳು "ಬಿಡು, ನಿನಗ ಮಂದಿ ಸಿಕ್ಕಾರಲಾ" ಎಂದಳು. ನಿನಗೂ ಸಿಕ್ಕಿದ್ದಾರಲ್ಲ, ತುಂಬಿದ ಮನೆ ಅಂದೆ. ಹೂಂ ಅಂದಳು. ಒಮ್ಮೆ ಬಾ ಎಂದಳು, ಬರ್ತೀನಿ ಎಂದೆ. ಇಟ್ಟಳು.

ಅವಳು ಅಲ್ಲಿ ಸುಖವಾಗಿದ್ದಾಳೆ ಅಂದರೆ ನನಗೆ ಸಂತೋಷವಾಗಬೇಕು. ಆಗುವುದಿಲ್ಲ. ಇಲ್ಲಿ ಬರೆದರೆ ಯಾರು ಓದುತ್ತಾರೆ, ಬರೆದುಬಿಡುತ್ತೇನೆ: ಆಗುವುದಿಲ್ಲ.

ನವೆಂಬರ್ 23, ಭಾನುವಾರ

ಹೋಗಲಿಲ್ಲ. ಹಾಸಿಗೆಯಲ್ಲೇ ಬಿದ್ದಿದ್ದೆ. ಯಾಕೆ ಬರಲಿಲ್ಲ ಎಂದು ಯಾರೂ ಕೇಳಲಿಲ್ಲ. ಫೋಟೋ ಬಂತು. ನಾನು ಇಲ್ಲದ್ದು ಅದರಲ್ಲಿ ಗೊತ್ತೇ ಆಗುವುದಿಲ್ಲ, ಯಾವಾಗ ಇದ್ದೆ ಗೊತ್ತಾಗಲಿಕ್ಕೆ.

ಡಿಸೆಂಬರ್ 7, ಭಾನುವಾರ

ಕೈಗೆ ಇನ್ನೂ ಸರಿಯಾಗಿ ಬರೆಯಲು ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಹುಕ್ಕೇರಿಗೆ ಹೋಗುವಾಗ ಮೂಡಲ ಗಾಳಿ ಬೆನ್ನಿಗಿತ್ತು. ಘಟಪ್ರಭಾ ದಾಟುವವರೆಗೆ ಗುಂಪಿನಲ್ಲೇ ಇದ್ದೆ. ಆಮೇಲೆ ಸಣ್ಣ ಸಣ್ಣ ಏರು ಒಂದರ ಹಿಂದೆ ಒಂದು. ಒಂದರಲ್ಲಿ ಗುರುಪಾದರ ಗಾಲಿ ನನ್ನಿಂದ ಒಂದು ಮಾರು ದೂರವಾಯಿತು, ಆಮೇಲೆ ಎರಡು ಮಾರು. ಆ ಎರಡು ಮಾರು ತುಂಬಲು ನಾನು ಮಾಡದ ಹರಸಾಹಸವಿಲ್ಲ. ತುಂಬಲಿಲ್ಲ. ಕೊನೆಗೆ ರಸ್ತೆ ತಿರುವಿನಲ್ಲಿ ಅವರ ಅಂಗಿಯ ಬಣ್ಣವೂ ಕಾಣಿಸಲಿಲ್ಲ.

ಹುಕ್ಕೇರಿಯ ಹೋಟೆಲಿಗೆ ಮುಟ್ಟಿದಾಗ ಅವರು ಉಪ್ಪಿಟ್ಟು ತಿಂದು ಕೈ ತೊಳೆಯುತ್ತಿದ್ದರು. ಮೇಡಂ ಅವ್ರ, ನಾಷ್ಟಾ ಆತೇನ್ರಿ ಎಂದರು ರಾವಸಾಹೇಬರು. ನನ್ನನ್ನು ಕೇಳದೆಯೇ ನನ್ನ ಬಾಯಿ ಆತ್ರಿ ಅಂದಿತು. ಆಗಿದೆ ಎಂದ ಬಾಯಲ್ಲೇ ಅವರೆದುರು ಒಂದು ಪ್ಲೇಟ್ ಕೊಡಪ್ಪಾ ಎಂದು ಹ್ಯಾಗೆ ಹೇಳುವುದು? ತಿನ್ನುತ್ತ ಕೂತರೆ ಬರುವಾಗಲೂ ಒಬ್ಬಳೇ. ನೀರು ಕುಡಿದು ಅವರ ಬೆನ್ನು ಹಿಡಿದೆ.

ಬರುವಾಗ ಆ ಗಾಳಿಯೇ ಮುಖಕ್ಕೆ. ಬಹಳ ದೂರವೇನೂ ಬರಲಿಲ್ಲ, ಮತ್ತೆ ಒಬ್ಬಳಾದೆ. ಸ್ವಲ್ಪ ಹೊತ್ತಿಗೆ ಬೆವರು ತಣ್ಣಗಾಯಿತು, ಕೈ ನಡುಗತೊಡಗಿತು, ಎದುರಿನ ರಸ್ತೆ ಎರಡೆರಡು ಕಂಡಿತು. ಇಂಥವರನ್ನು ಲ್ಯಾಬಿನಲ್ಲಿ ಎಷ್ಟು ಸಲ ಬೆಂಚಿನ ಮೇಲೆ ಮಲಗಿಸಿಲ್ಲ ನಾನು. ಬೆಳಿಗ್ಗೆ ಗುಳಿಗೆ ನುಂಗಿದ್ದೆ, ಹೊಟ್ಟೆಯಲ್ಲಿ ಏನೂ ಇಲ್ಲ, ಸಕ್ಕರೆ ಪಾತಾಳಕ್ಕೆ ಇಳಿದಿದೆ. ಗೊತ್ತಿತ್ತು, ಆದರೆ ಜೇಬಿನಲ್ಲಿ ಒಂದು ಪೆಪ್ಪರಮಿಂಟೂ ಇರಲಿಲ್ಲ. ಸಣ್ಣ ಸೇತುವೆಯ ಕಟ್ಟೆಯ ಮೇಲೆ ಕೂತೆ. ಕೂತೆ ಅನ್ನುವುದಕ್ಕಿಂತ ಬಿದ್ದೆ ಅನ್ನಬೇಕು. ನನಗೆ ಹೆದರಿಕೆಯಾಯಿತು. ಇಲ್ಲಿ ಹೀಗೇ ಏನಾದರೂ ಆದರೆ ಮನೆಯಲ್ಲಿ ಯಾಕೆ ಬರಲಿಲ್ಲ ಎಂದು ಕೇಳುವವರು ಯಾರು? ನಾಳೆ ಲ್ಯಾಬಿನವರು, ಅದೂ ಪೇಷಂಟ್ ಗದ್ದಲ ಮಾಡಿದರೆ.

ಪಕ್ಕದ ಹೊಲದಲ್ಲಿ ಕಬ್ಬು ಕಡಿಯುತ್ತಿದ್ದರು. ಒಬ್ಬ ಹೆಂಗಸು ಬಂದು ಮುಖ ನೋಡಿದಳು, ಏನೂ ಕೇಳಲಿಲ್ಲ, ಒಂದು ಗಳ ಮುರಿದು ಸಿಪ್ಪೆ ಸುಲಿದು ಬಾಯಿಗೇ ಕೊಟ್ಟಳು. ಎರಡು ತಿಂಗಳಿಂದ ಸಕ್ಕರೆಯ ಹೆಸರೆತ್ತದವಳು ಎಳೆ ಮಗುವಿನಂತೆ ಜಗಿದೆ, ಗಲ್ಲದ ಮೇಲೆಲ್ಲ ರಸ. ಅಷ್ಟರಲ್ಲಿ ಗುರುಪಾದ ಬಂದರು. ಹೋಟೆಲು ಬಿಡುವಾಗಲೇ ಗಾಲಿ ಪಂಚರಾಗಿ ಅಲ್ಲೇ ಉಳಿದಿದ್ದರಂತೆ. ನನ್ನ ನೋಡಿ ಗಾಬರಿಯಾದರು. ಸಕ್ಕರೆ ಇಳಿದದ್ದು, ಏನೂ ತಿಂದಿಲ್ಲ ಅಂದೆ.

"ನಾಷ್ಟಾ ಆಗೇತಿ ಅಂದಿದ್ರಲ್ಲರಿ ಅಕ್ಕಾರ?"

"ಅಂದಿದ್ದೆ. ನೀವು ಒಂದ ಸಲ ಕೇಳಿದ್ರಿ."

ಅವರಿಗೆ ಅರ್ಥವಾಗಲಿಲ್ಲ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಎರಡು ತಿಂಗಳ ಸಿಟ್ಟು, ಕಬ್ಬಿನ ರಸದ ಜೊತೆ ಹೊರಬಿತ್ತು. "ಒಂದ ಸಲ ಕೇಳಿದ್ರ ಯಾರರ ಇಲ್ಲ ಅಂತಾರೇನ್ರಿ? ಎರಡನೇ ಸಲ ಕೇಳಬೇಕು. ಮೂರನೇದಕ್ಕ ಕೈ ಹಿಡದು ಕೂಡಸಬೇಕು. ನಿಮ್ಮ ಮನ್ಯಾಗ ಹಂಗ ಮಾಡೂದಿಲ್ಲೇನ್ರಿ?"

ಅವರು ಹೆಲ್ಮೆಟ್ ತೆಗೆದು ಕೈಯಲ್ಲಿ ತಿರುಗಿಸುತ್ತ ಕೂತರು. ಆಮೇಲೆ, "ಮನ್ಯಾಗ ಮಾಡ್ತೀವ್ರಿ. ಹಾದಿ ಮ್ಯಾಲ ಪರರ ಹೆಣಮಕ್ಕಳಿಗೆ ಬರ್ರಿ ಕೂಡ್ರಿ ಅಂತ ಹಚ್ಚಿ ಹಚ್ಚಿ ಹ್ಯಾಂಗ ಅನ್ನಬೇಕ್ರಿ? ಏನರ ತಪ್ಪ ತಿಳ್ಕೊಂಡ್ರ?" ಎಂದರು.

ಒಮ್ಮೆ ಕಾಜಲ್ ನಿಂತು ಕಾಯೋಣ ಅಂದಿದ್ದಳಂತೆ. ಮೇಡಂ ಅವರದು ಚಹಾ ಆಗಿಯೇ ಬರುತ್ತದೆ, ದಾರಿಯಲ್ಲಿ ಅವರದೇ ಯಾವುದೋ ಪರಿಚಯದ ಮನೆ ಇರಬೇಕು, ತಮ್ಮ ಪಾಡಿಗೆ ಬರುವುದು ಅವರಿಗೆ ಸೇರುತ್ತದೆ, ಕಾದು ಮುಜುಗರ ಮಾಡಬೇಡಿ ಎಂದು ರಾವಸಾಹೇಬರೇ ಎಲ್ಲರಿಗೂ ಹೇಳಿದ್ದರಂತೆ. ಎರಡು ತಿಂಗಳು ಎಲ್ಲರೂ ನನಗೆ ಮರ್ಯಾದೆ ಕೊಟ್ಟಿದ್ದಾರೆ. ನಾನೂ ಅವರಿಗೆ ಮರ್ಯಾದೆ ಕೊಟ್ಟಿದ್ದೇನೆ. ಚಹಾ ಮಾತ್ರ ಯಾರೂ ಕೊಡಲಿಲ್ಲ.

ಗುರುಪಾದ ನನ್ನ ಮುಂದೆ ನಿಧಾನ ತುಳಿಯುತ್ತ, ಗಾಳಿಗೆ ಅಡ್ಡವಾಗಿ ಗೋಕಾಕದವರೆಗೆ ಕರೆತಂದರು.

ಡಿಸೆಂಬರ್ 8

ಅವರದೇ ತಪ್ಪು. ಇನ್ನೊಂದು ಸಲ ಕೇಳಿದರೆ ಅವರ ಗಂಟೇನು ಹೋಗುತ್ತಿತ್ತು?

ಡಿಸೆಂಬರ್ 14, ಭಾನುವಾರ

ಇವತ್ತು ಬೆಂಚಿನ ಮೇಲೆ ಕೂತೆ.

ಏರಿನ ತುದಿಯಲ್ಲಿ ಎಲ್ಲರೂ ನಿಂತು ಕಾಯುತ್ತಿದ್ದರು. ಕಾಲು ಊರಿ, ತಿರುಗಿ, ನನ್ನನ್ನೇ ನೋಡುತ್ತ. ಅಷ್ಟು ಜನ ನೋಡುತ್ತಿರುವಾಗ ಏರು ಹತ್ತುವುದು ಇನ್ನೂ ಕಷ್ಟ ಎಂದು ಇವತ್ತು ತಿಳಿಯಿತು. ಹೋಟೆಲಿನಲ್ಲಿ ರಾವಸಾಹೇಬರು ಬೇಕೆಂದೇ ಮೂರು ಸಲ ಕೇಳಿದರು, ಎಲ್ಲರೂ ನಕ್ಕರು, ನಾನೂ ನಕ್ಕೆ. ಗುರುಪಾದ ಊರೆಲ್ಲ ಡಂಗುರ ಹೊಡೆದಿದ್ದಾರೆ. ಕಾಜಲ್ ತನ್ನ ಪಕ್ಕದಲ್ಲಿ ಜಾಗ ಮಾಡಿದಳು. ಸಕ್ಕರೆ ಇಲ್ಲದ ಚಹಾ ನನಗೊಬ್ಬಳಿಗೆ ಬೇರೆ ಬಂತು.

ಒಳ್ಳೆಯ ಜನ. ಎರಡು ತಿಂಗಳು ಮನಸ್ಸಿನಲ್ಲಿ ಸುಮ್ಮನೆ ಬೈದೆ. ಮಾತು ಮಾತ್ರ ಟೈರಿನದು, ಗೇರಿನದು, ಯಾರ ಸೈಕಲ್ ಎಷ್ಟು ಹಗುರ ಅನ್ನುವುದು. ನಾನು ತಲೆ ಅಲ್ಲಾಡಿಸುತ್ತ ಕೂತೆ. ಫೋಟೋ ತೆಗೆದರು. ಅದನ್ನು ಸುಮನ್‌ಗೆ ಕಳಿಸಿದೆ. ಚಲೋ ಆತು ಎಂದು ಬರೆದಳು, ಅಷ್ಟೇ.

ಮನೆಗೆ ಬಂದು ಬೀಗ ತೆಗೆದರೆ ಅದೇ ಮನೆ. ಬೆಂಚಿನ ಮೇಲೆ ಕೂತರೆ ಎಲ್ಲ ಸರಿಹೋಗುತ್ತದೆ ಅಂದುಕೊಂಡಿದ್ದೆ. ಏನು ಸರಿಹೋಗುತ್ತದೆ ಅಂದುಕೊಂಡಿದ್ದೆನೋ. ಸಂಜೆ ತುಂಬ ಅತ್ತೆ, ಕಾರಣ ಗೊತ್ತಾಗಲಿಲ್ಲ.

ಡಿಸೆಂಬರ್ 17

ಸುಮನ್ ನಗುವಾಗ ಮೂಗಿನಿಂದ ಒಂದು ಸದ್ದು ಬರುತ್ತದೆ, ಗೊರಕೆಯ ಹಾಗೆ. ಎಷ್ಟು ಹಂಗಿಸಿದರೂ ಅದನ್ನು ತಡೆಯಲು ಅವಳಿಂದ ಆಗುತ್ತಿರಲಿಲ್ಲ. ಲ್ಯಾಬಿನಲ್ಲಿ ಒಬ್ಬಳು ಹಾಗೆಯೇ ನಕ್ಕಳು, ಸೂಜಿ ಹಿಡಿದವಳು ತಿರುಗಿ ನೋಡಿದೆ. ಫೋನಿನಲ್ಲಿ ಆ ಸದ್ದು ಕೇಳಿ ಎಷ್ಟು ದಿನವಾಯಿತು? ಮೇ ತಿಂಗಳಿಂದ ಒಮ್ಮೆಯೂ ಇಲ್ಲ.

ಆರಾಮೇನ ಅಂದೆ, ಆರಾಮ ಅಂದಳು. ನಾನೂ ಒಂದೇ ಸಲ ಕೇಳಿ ಬಿಟ್ಟುಬಿಟ್ಟೆ.

ಡಿಸೆಂಬರ್ 20

ಕಾಶೆವ್ವ ಹಬ್ಬದ ಕಡಬು ತಂದು, ಉಂಡೇನವಾ ಎಂದರು. ಇಲ್ರಿ, ಇನ್ನೂ ಒಲಿನ ಹಚ್ಚಿಲ್ಲ ಎಂದೆ. ಅಯ್ಯ ಇವಳ ಎಂದು ಒಳಗೆ ಬಂದವರು ಹೊತ್ತು ಮುಳುಗುವವರೆಗೆ ಹೋಗಲೇ ಇಲ್ಲ. ಮೊಣಕಾಲು ನೋವಿನ ಕಥೆ ಪೂರ್ತಿ ಕೇಳಿದೆ. ಇಷ್ಟು ಮಾತಾಡುವ ಹೆಂಗಸು ಅಂತ ಗೊತ್ತೇ ಇರಲಿಲ್ಲ.

ನಾಳೆ ಬಳಗಕ್ಕೆ ಬರುವುದಿಲ್ಲ, ಮೂಡಲಗಿಗೆ ಹೋಗುತ್ತೇನೆ ಎಂದು ಗುಂಪಿಗೆ ಹಾಕಿದೆ. ಹುಷಾರಾಗಿ ಹೋಗಿ, ತಿಂದು ಹೊರಡಿ ಎಂದು ಗುರುಪಾದ ಬರೆದಿದ್ದಾರೆ.

ಡಿಸೆಂಬರ್ 22, ಸೋಮವಾರ

ನಿನ್ನೆ ಮುಂಜಾನೆ ಎರಡು ರೊಟ್ಟಿ ತಿಂದು, ಬೆಲ್ಲದ ತುಂಡು ಜೇಬಿಗೆ ಹಾಕಿಕೊಂಡು ಹೊರಟೆ. ಸುಮನ್‌ಗೆ ಹೇಳಿರಲಿಲ್ಲ. ಮೂಡಲಗಿಯ ಹಾದಿ ಬಯಲು, ಎರಡೂ ಕಡೆ ಕಬ್ಬು. ಗಾಳಿ ಮುಖಕ್ಕೇ ಇತ್ತು, ಅಡ್ಡ ಹಿಡಿಯಲು ಯಾರ ಬೆನ್ನೂ ಇರಲಿಲ್ಲ. ನನ್ನ ಪಾಡಿಗೆ ನಾನು ತುಳಿದೆ. ಯಾರಿಂದಲೂ ಹಿಂದೆ ಬೀಳಲಿಲ್ಲ.

ಮಾಯಪ್ಪನವರು ಅಂಗಡಿಗೆ ಹೋಗಿದ್ದರು. ಲಕ್ಕವ್ವನವರು ಪಡಸಾಲೆಯಲ್ಲಿ ಕೋಲು ಹಿಡಿದು ಕೂತಿದ್ದರು. ಬರ್ರಿ ಬರ್ರಿ ಎಂದರು, ನೀರು ಕೊಡಿಸಿದರು, "ಸಿಸ್ಟರ, ನಿಮ್ಮ ಗೆಳತ್ಯಾರು ಬಂದಾರ್ ನೋಡ್ರಿ" ಎಂದು ಒಳಗೆ ಕೂಗಿದರು. ಸುಮನ್ ಬಂದಳು. ಇಸ್ತ್ರಿ ಮಾಡಿದ ಸೀರೆ, ತಲೆಯ ಮೇಲೆ ಸೆರಗು. ಎಂಟು ವರ್ಷ ಹರಕು ನೈಟಿಯಲ್ಲಿ ನೋಡಿದವಳನ್ನು ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು. ನನ್ನ ಸೈಕಲ್ಲಿನ ಚಡ್ಡಿ, ಬೆವರು, ಎಲ್ಲ ನೋಡಿದಳು, ಏನೂ ಅನ್ನಲಿಲ್ಲ. ಆ ವೇಷಕ್ಕೆ ಒಂದು ಮಾತಾದರೂ ಅನ್ನಬೇಕಿತ್ತು ಅವಳು.

ಅಡುಗೆ ಮನೆಗೆ ಹೋದೆವು. ಒಲೆಯ ಮುಂದೆ ಕೂತಳು, ನಾನು ಗೋಡೆಗೆ ಒರಗಿ ಕೂತೆ. ಆರಾಮ ಇದ್ದೀಯೇನ ಎಂದೆ. ಆರಾಮ ಎಂದಳು, ರೊಟ್ಟಿ ಬಡಿಯುತ್ತಲೇ. ಎಲ್ಲರೂ ಚಲೋ ನೋಡಿಕೊಳ್ಳುತ್ತಾರೇನು ಎಂದೆ. ಏನೂ ಕಮ್ಮಿ ಇಲ್ಲ, ನೀನೇ ನೋಡಾಕತ್ತೀಯಲಾ ಎಂದಳು. ನಿನ್ನ ಗುಂಪು ಹ್ಯಾಗಿದೆ ಎಂದು ಮಾತು ತಿರುಗಿಸಿದಳು. ನಾನು ಹಿಟ್ಟು ಹತ್ತಿದ ಅವಳ ಕೈ ಹಿಡಿದುಕೊಂಡೆ.

"ಸುಮಿ, ಮೂರನೇ ಸಲ ಕೇಳಾಕತ್ತೇನಿ. ಆರಾಮ ಅದೀಯೇನ?"

ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ಅವಳು ತೆಗೆಯಲಿಲ್ಲ.

"ಇಲ್ಲಿ ಎಲ್ಲಾರೂ ನನಗ ರಿ ಅಂತಾರ ಶೈಲೂ," ಎಂದಳು. "ಅತ್ತಿ ಸಿಸ್ಟರ್ರಿ ಅಂತಾರ. ಮನಿಯವರು ನೀವು ತಾವು ಅಂತಾರ. ಉಂಡ್ರೇನ್ರಿ, ಮಲಗ್ರಿ, ದಣದಿರ್ತೀರಿ. ಆಸ್ಪತ್ರ್ಯಾಗ ಡ್ಯೂಟಿ ಮೇಲೆ ಇದ್ಹಾಂಗ ಅನಸ್ತೈತಿ, ಡ್ಯೂಟಿ ಮುಗಿಯೂದ ಇಲ್ಲ. ರೊಟ್ಟಿ ಸುಟ್ರೂ ಚಲೋ ಆಗ್ಯಾವ್ರಿ ಅಂತಾರ. ಮೇ ತಿಂಗಳಿಂದ ನನಗ ಏ ಅನ್ನೋರು ಒಬ್ಬರಿಲ್ಲ. ಬೈಯೋರಿಲ್ಲ."

ನನಗೆ ಎಲ್ಲಿತ್ತೋ ಸಿಟ್ಟು. ಏ ಹುಚ್ಚಿ, ಫೋನಿನಲ್ಲಿ ಇದನ್ನು ಹೇಳಲಿಕ್ಕೆ ನಿನಗೇನು ಧಾಡಿಯಾಗಿತ್ತು, ನೀನಿಲ್ಲಿ ಮೆರೆಯುತ್ತಿದ್ದೀ ಅಂತ ನಾನು ಹೊಟ್ಟೆ ಉರಿದುಕೊಂಡು ಸತ್ತೆ ಎಂದು ಬೈದೆ. ಅವಳು ಕೈ ಕೊಸರಿಕೊಂಡಳು.

"ನೀನರ ಹೇಳಿದ್ದೇನ? ಗುಂಪು, ನಗಿ, ಫೋಟೋ. ನನ್ನ ನೆನಪ ಇಲ್ಲ ನಿನಗ, ನಾ ಯಾಕ ಹೇಳಲಿ?"

"ಎಲ್ಲಾ ಸುಳ್ಳ," ಎಂದೆ. "ಆ ಫೋಟೋದಾಗ ನಾ ಒಂದ ಸಲ ಅದೇನಿ. ಉಳಿದ ದಿನ ಒಬ್ಬಾಕೀನ. ನೀ ಹೋದ ಮ್ಯಾಲ ನನಗ ಮನ್ಯಾಗ ಇರಾಕ ಆಗವಲ್ದು."

ಹೇಳಿಬಿಟ್ಟೆ. ಯಾರಿಗೂ ಹೇಳಿರಲಿಲ್ಲ, ಇಲ್ಲಿಯೂ ಇಷ್ಟು ನೆಟ್ಟಗೆ ಬರೆದಿರಲಿಲ್ಲ. ಆಮೇಲೆ ಸರಿಯಾಗಿ ಜಗಳವಾಯಿತು. ಯಾರು ಮೊದಲು ಫೋನ್ ಕಡಿಮೆ ಮಾಡಿದ್ದು, ಯಾರು ಬರುತ್ತೇನೆ ಅಂದು ಬರಲಿಲ್ಲ, ಹೋಗುವಾಗ ನನ್ನ ಹಿತ್ತಾಳೆ ಸವುಟು ಯಾರು ತೆಗೆದುಕೊಂಡು ಹೋದದ್ದು. ಅಳುತ್ತಲೇ ಜಗಳಾಡಿದೆವು. ನನ್ನ ಚಡ್ಡಿಯ ಬಗ್ಗೆ ಅನ್ನಬೇಕಾದ ಮಾತು ಅವಳಿಗೆ ಆಗ ನೆನಪಾಯಿತು, ಅಂದಳು, ಅಂದು ನಕ್ಕಳು. ಮೂಗಿನಿಂದ ಆ ಸದ್ದು ಬಂತು.

ಕೋಲಿನ ಸಪ್ಪಳ ಕೇಳಿ ಇಬ್ಬರೂ ಬಾಯಿ ಮುಚ್ಚಿದೆವು. ಲಕ್ಕವ್ವನವರು ಬಾಗಿಲಲ್ಲಿ ನಿಂತಿದ್ದರು. ಏನಾತ್ರಿ ಸಿಸ್ಟರ ಎಂದರು. ಸುಮನ್ ಸೆರಗು ಎಳೆದುಕೊಂಡಳು.

"ಏನಿಲ್ರಿ," ಎಂದೆವು ಇಬ್ಬರೂ ಒಟ್ಟಿಗೆ.

ಅವರು ಹೋಗಲಿಲ್ಲ. ಹೊಗೆ ತುಂಬಿದ ಮನೆ ನೋಡಿದರು, ಹಂಚಿನ ಮೇಲೆ ಸುಟ್ಟು ಇದ್ದಿಲಾದ ರೊಟ್ಟಿ ನೋಡಿದರು, ನಮ್ಮಿಬ್ಬರ ಮುಖ ನೋಡಿದರು. ಕೋಲು ಗೋಡೆಗೆ ಆನಿಸಿ, ಚೌಕಟ್ಟು ಹಿಡಿದು ಮೆಲ್ಲಗೆ ಹೊಸ್ತಿಲ ಮೇಲೆ ಕೂತರು.

"ಏನಿಲ್ಲಂದ್ರ ಯಾಕ್ರೇ ಅಳಾಕತ್ತೀರಿ, ಹುಚ್ಚ ಹುಡಗ್ಯಾರಾ," ಎಂದರು. "ಏ ಸುಮನ್, ಮೊದಲ ಆ ರೊಟ್ಟಿ ತಗಿ, ಮನಿ ಸುಟ್ಟೀತು."

ಸುಮನ್ ರೊಟ್ಟಿ ತೆಗೆಯುವುದನ್ನು ಬಿಟ್ಟು ಅತ್ತೆಯ ಮುಖವನ್ನೇ ನೋಡುತ್ತ ಕೂತಳು. ನಾನು ತೆಗೆದೆ. ಬೆರಳು ಸುಟ್ಟಿತು. ಅದಕ್ಕೂ ಲಕ್ಕವ್ವನವರು ನನ್ನನ್ನು ಬೈದರು, ರಿ ಹಚ್ಚದೆ.